ಗುರುಗಳು ತಲೆದೂಗಿದ ದಿನ

ಗುರುಗಳು ಮತ್ತೆ ತಲೆ ಅಡ್ಡಡ್ಡ ಆಡಿಸಿದರು. ಡ್ರಮ್ಮರ್ ಇನ್ನೂ ಜೋರಾಗಿ ಬಡಿದ. ಈ ಬ್ಯಾಂಡಿನಿಂದಲೂ ತನಗೆ ಗೇಟ್‌ಪಾಸ್ ಗ್ಯಾರಂಟಿ.

ಶಾಲೆಯ ಕವಾಯತು ತಂಡದಿಂದ ಹಿಡಿದು ಹೋಟೆಲಿನ ವಾದ್ಯಗೋಷ್ಠಿಯವರೆಗೆ ಎಲ್ಲರೂ ಅವನನ್ನು ತಾಳಗೇಡಿ ಎಂದು ಆಚೆ ಅಟ್ಟಿದ್ದರು. ಕೊನೆಗೆ ತಾಳದ ಹಂಗೇ ಇಲ್ಲದ ಜಾಗ ಸಿಕ್ಕಿತ್ತು: ‘ಮುಸುಕು’ ಬ್ಯಾಂಡ್. ಕರ್ಕಶ ಸದ್ದೇ ಅವರ ಸಂಗೀತ, ಮೇಲೆ ತಲೆ ಗಿರ್ರೆನ್ನಿಸುವ ಬಣ್ಣದ ದೀಪಗಳು. ಎಲ್ಲರಿಗೂ ಕಪ್ಪು ಮುಸುಕು. ಹೆಸರು ಕೇಳುವಂತಿಲ್ಲ, ಮುಖ ತೋರಿಸುವಂತಿಲ್ಲ, ಮುಸುಕು ತೊಟ್ಟ ಮೇಲೆ ಹಾಡು ಬಿಟ್ಟರೆ ತುಟಿ ಪಿಟಕ್ಕೆನ್ನುವಂತಿಲ್ಲ.

ಗುರುಗಳನ್ನು ಬರಮಾಡಿಕೊಂಡವನು ತಾನೇ ಎಂಬ ಹೆಮ್ಮೆ ಅವನಿಗೆ. ಮೂರು ವರ್ಷದ ಹಿಂದೆ ಬ್ಯಾಂಡಿನವರು ಹೊಸ ಗಿಟಾರಿನವನಿಗಾಗಿ ಕಾಯುತ್ತಿದ್ದರು. ಹೆಗಲಿಗೆ ಚೀಲ ನೇತುಹಾಕಿಕೊಂಡಿದ್ದವರೊಬ್ಬರು ಬಾಗಿಲಲ್ಲಿ ನಿಂತು ಏನೋ ಹೇಳಹೊರಟರು. ಇವನು ತುಟಿಗೆ ಬೆರಳಿಟ್ಟು ಸುಮ್ಮನಾಗಿಸಿ, ಮುಸುಕು ತೊಡಿಸಿ ಒಳಗೆ ಕರೆತಂದ. ಅವರು ಗಿಟಾರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ದೊಡ್ಡ ಸ್ಪೀಕರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ವೈರು ಎಳೆದು, ಬೆರಳಿನಿಂದ ತಟ್ಟಿ ಕಿವಿಗೊಟ್ಟರು. ಸ್ಪೀಕರು ಕರಕರ ಎಂದಿತು. ಹಾಡುವವಳಿಗೂ ಕೀಬೋರ್ಡಿನವನಿಗೂ ರೋಮಾಂಚನವಾಯಿತು. ಇವನು ಹುರುಪಿನಿಂದ ಡ್ರಮ್ ಬಡಿದ.

ಅಲ್ಲಿಂದ ಬ್ಯಾಂಡಿನ ದೆಸೆ ತಿರುಗಿತು. ಮೊದಲ ಆಲ್ಬಮ್ ಪೂರ್ತಿ ಕರಕರ. ಎರಡನೆಯದರಲ್ಲಿ ಅದು ಕೀಚಲು ಶಿಳ್ಳೆಯಾಯಿತು. ಮೂರನೆಯದರಲ್ಲಿ ಬರೀ ದುಂಬಿಯ ಗುಂಯ್. ವೇದಿಕೆಯಲ್ಲಿ ಗುರುಗಳ ಕೈಯಲ್ಲಿದ್ದ ವೈರಿನಿಂದ ಹೊಗೆ ಎದ್ದಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ನಾದವು ಮೌನದತ್ತ ಸಾಗುತ್ತಿದೆ ಎಂದು ವಿಮರ್ಶಕರು ಪುಟಗಟ್ಟಲೆ ಬರೆದರು. ಡ್ರಮ್ಮರನಿಗೆ ಒಂದಕ್ಷರ ಅರ್ಥವಾಗದಿದ್ದರೂ ಕೇಳಿದವರಿಗೆಲ್ಲ ಅದನ್ನೇ ವಿವರಿಸಿದ.

“ಆ ಹಾಳು ಸ್ಪೀಕರ್ ರಿಪೇರಿ ಮಾಡ್ಸಿ ಅಂದ್ರೆ ಕೇಳಲ್ಲ,” ಎಂದು ಮನೆಯಲ್ಲಿ ಅವನ ಹೆಂಡತಿ ಗೊಣಗುತ್ತಿದ್ದಳು.

“ಯಾವತ್ತೋ ಹೇಳಿ ಕಳಿಸಿದ್ವಿ ಕಣೇ, ಆ ಪುಣ್ಯಾತ್ಮ ಬರಲೇ ಇಲ್ಲ. ಒಳ್ಳೇದೇ ಆಯ್ತು ಬಿಡು. ಅದರಲ್ಲೇ ಗುರುಗಳು ಕಲೆ ಕಂಡ್ರು.”

ಅವನ ಸಂಕಟ ಬೇರೆ. ಅವನು ಕೋಲು ಎತ್ತಿದಾಗಲೆಲ್ಲ ಗುರುಗಳು ಅವನತ್ತ ತಿರುಗಿ ತಲೆ ಅಡ್ಡಡ್ಡ ಆಡಿಸುತ್ತಿದ್ದರು. ಕೈ ಕೂಡ ಆಡಿಸುತ್ತಿದ್ದರು. ಇನ್ನೂ ಜೋರು ಬೇಕೇನೋ ಎಂದುಕೊಂಡು ಅವನು ಮೈ ಬೆವರುವಂತೆ ಬಾರಿಸುತ್ತಿದ್ದ. ಒಂದೇ ಒಂದು ಸಲ ಅವರು ಮೆಚ್ಚಿ ತಲೆದೂಗಿದರೆ ಸಾಕಿತ್ತು. ಹುಟ್ಟಿದಾಗಿನಿಂದ ಅವನ ಬಾರಿಸುವಿಕೆಗೆ ಯಾರೂ ತಲೆದೂಗಿರಲಿಲ್ಲ.

ಇವತ್ತು ಅವನ ಕೈ ಸೋತಿತು. ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಪೆಚ್ಚಾಗಿ ಕೂತ. ಅವನು ನಿಲ್ಲಿಸಿದ್ದು ಕಂಡು ಉಳಿದಿಬ್ಬರೂ ನಿಲ್ಲಿಸಿದರು. ಗುರುಗಳು ಸ್ಪೀಕರಿಗೆ ಕಿವಿ ಆನಿಸಿ, ಎಲ್ಲೋ ಒಂದು ಕಡೆ ಬೆರಳು ಒತ್ತಿದರು. ಗುಂಯ್ ಸಣ್ಣಗಾಯಿತು. ನಿಂತೇ ಹೋಯಿತು.

ಮೌನ! ಹಾಡುವವಳು ಬಿಕ್ಕಿ ಬಿಕ್ಕಿ ಅತ್ತಳು. ಕೀಬೋರ್ಡಿನವನು ಕೈಮುಗಿದ. ಗುರುಗಳು ಡ್ರಮ್ಮರನತ್ತ ತಿರುಗಿ, ನಿಧಾನವಾಗಿ, ತುಂಬು ಮನಸ್ಸಿನಿಂದ ತಲೆದೂಗಿದರು.

ಅವನಿಗೆ ತಡೆಯಲಾಗಲಿಲ್ಲ. ನಿಯಮ ಮರೆತು ಕೇಳಿಯೇಬಿಟ್ಟ: “ಗುರುಗಳೇ, ಮುಂದೇನು?”

ಗುರುಗಳು ಮುಸುಕು ಕಿತ್ತು ಮುಖ ಒರೆಸಿಕೊಂಡರು. “ಮುಂದೇನಿಲ್ಲ ಸಾರ್, ಸ್ಪೀಕರ್ ಸರಿಹೋಯ್ತು. ನೀವು ಆ ಡ್ರಮ್ ಬಡಿಯೋದು ಒಂದೇ ಒಂದು ನಿಮಿಷ ನಿಲ್ಲಿಸಿದ್ದಿದ್ರೆ, ಬಂದ ದಿನಾನೇ ರಿಪೇರಿ ಮಾಡ್ಕೊಟ್ಟು ಹೋಗ್ತಿದ್ದೆ.”