ಹಿಂದಿನ ಬೆಳಕು

"ಇದಕ್ಕಿಂತ ಜೋರಾಗಿ ಉರಿಯೋದು ಇಲ್ವಾ?"

ಮುನೀಂದ್ರ ಹಾಗೆ ಕೇಳಿದಾಗ ಪಕ್ಕದಲ್ಲೇ ನಿಂತಿದ್ದ ಮಹಾಲಕ್ಷ್ಮಿ ಸೆರಗಿನ ತುದಿಯ ಗಂಟನ್ನು ಬಿಗಿಹಿಡಿದಳು. ಅಂಗಡಿಯ ಹನುಮಂತಯ್ಯ ಎರಡು ಥರದ ರಿವರ್ಸ್ ಲೈಟುಗಳನ್ನು ಬ್ಯಾಟರಿಗೆ ಹಚ್ಚಿ ತೋರಿಸಿದ್ದ. ಯಾವುದೂ ಸಾಲದು. ಬಿಳಿ ಪಿಕಪ್ ಕೊಂಡಾಗಿನಿಂದ ಹಿಂದಿನ ಲೈಟು ಮಿಣುಕು ದೀಪದಂತೆಯೇ ಉರಿಯುತ್ತಿತ್ತು, ಒಂದು ದಿನವೂ ತಲೆ ಕೆಡಿಸಿಕೊಳ್ಳದ ಗಂಡ. ಬೀದಿಯಲ್ಲಿ ಹೂ ಮಾರುವ ಸೊಣ್ಣಮ್ಮಜ್ಜಿ ಆಸ್ಪತ್ರೆ ಸೇರಿದ ಮೇಲೆ ಇದ್ದಕ್ಕಿದ್ದಂತೆ ಇವನಿಗೆ ಬೆಳಕಿನ ಹುಚ್ಚು ಹಿಡಿದಿತ್ತು.

ಪೀಣ್ಯದ ಕಾರ್ಖಾನೆಗಳಿಗೆ ಊಟ ಸಾಗಿಸುವುದು ಇಬ್ಬರ ಕಸುಬು. ಅಡುಗೆ ರಾಜಗೋಪಾಲನಗರದ ಮನೆಯಲ್ಲೇ. ಮಧ್ಯಾಹ್ನದ ಸುತ್ತು ಅವಳದ್ದು, ಪಾತ್ರೆ ವಾಪಸು ತರುವ ಸಂಜೆಯ ಸುತ್ತು ಅವನದ್ದು.

ಅಜ್ಜಿಗೆ ಏಟಾದ ಸಂಜೆ ಮುನೀಂದ್ರ ಎಂದಿನಂತೆ ಗಾಡಿಯನ್ನು ರಿವರ್ಸಿನಲ್ಲಿ ತಂದು ಮನೆ ಮುಂದೆ ನಿಲ್ಲಿಸಿ, ಅವಳ ಕೈಗೆ ಕೀ ಕೊಟ್ಟು, ಟೀ ಕುಡಿಯಲು ಹೋಗಿದ್ದ. ಹಿಂದೆಯೇ ಕರೆಂಟು ಹೋಯಿತು. ನೀರಿನ ಟ್ಯಾಂಕರೂ ಆಗಲೇ ಬರಬೇಕೆ? ಅದಕ್ಕೆ ದಾರಿ ಮಾಡಿಕೊಟ್ಟು, ಪೈಪು ಎಳೆದು, ಡ್ರಮ್ಮು ತುಂಬಿಸಿಕೊಳ್ಳುವಷ್ಟರಲ್ಲಿ ಮಹಾಲಕ್ಷ್ಮಿಗೆ ಸಾಕುಸಾಕಾಗಿತ್ತು. ಟ್ಯಾಂಕರಿನ ಗದ್ದಲದಲ್ಲಿ ಯಾರು ಕೂಗಿದರೂ ಕೇಳಿಸುವಂತಿರಲಿಲ್ಲ. ಅದು ಹೊರಟುಹೋದ ಮೇಲೆಯೇ ಚರಂಡಿಯ ಅಂಚಿನಲ್ಲಿ ಸೊಣ್ಣಮ್ಮಜ್ಜಿ ಬಿದ್ದಿರುವುದು ಯಾರಿಗೋ ಕಂಡದ್ದು. ಸೊಂಟ ಮುರಿದಿತ್ತು. ಬಿಳಿ ಗಾಡಿಯೊಂದು ಹಿಂದಕ್ಕೆ ಬಂತು ಎನ್ನುವುದರ ಹೊರತು ಅಜ್ಜಿಗೆ ಏನೂ ನೆನಪಿರಲಿಲ್ಲ. ಆ ಬೀದಿಯಲ್ಲಿ ಬಿಳಿ ಗಾಡಿಗಳಿಗೇನು ಬರ?

ಮರುದಿನ ಬೆಳಿಗ್ಗೆ ಮುನೀಂದ್ರ ಗಾಡಿಯ ಹಿಂಭಾಗವನ್ನು ಮಾತ್ರ ಉಜ್ಜಿ ಉಜ್ಜಿ ತೊಳೆಯುತ್ತಿದ್ದ. ಬಂಪರಿನ ಸಂದಿಯಿಂದ ಏನನ್ನೋ ಎಳೆದು ಜೇಬಿಗೆ ಹಾಕಿಕೊಂಡ. ಅವಳು ಕಿಟಕಿಯಿಂದ ನೋಡಿದ್ದಳು. ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕಿದ್ದು ಹರಿದ ಸೀರೆಯ ಹಸಿರು ಅಂಚು. ಅಂದು ಅಜ್ಜಿ ಉಟ್ಟಿದ್ದ ಸೀರೆಯದೇ. ಅದೀಗ ಅವಳ ಸೆರಗಿನ ತುದಿಯಲ್ಲಿ ಗಂಟಾಗಿತ್ತು.

ಅವನು ದಿನವೂ ಆಸ್ಪತ್ರೆಗೆ ಎಳನೀರು ಒಯ್ಯುತ್ತಿದ್ದ. ಅಜ್ಜಿಯ ಮಗ ಕೃಷ್ಣಪ್ಪ ಅವನ ಕೈ ಹಿಡಿದುಕೊಂಡು, ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಎಂದು ಕಣ್ಣೀರು ಹಾಕಿದ್ದ. ಆ ಮಾತು ಕೇಳಿ ಮಹಾಲಕ್ಷ್ಮಿಗೆ ಮೈಯೆಲ್ಲ ಉರಿದುಹೋಗಿತ್ತು.

ಕೊನೆಗೆ ಹನುಮಂತಯ್ಯ ಒಳಗಿನಿಂದ ಚಪ್ಪಟೆಯ ಎಲ್‌ಇಡಿ ಜೋಡಿಯೊಂದನ್ನು ತಂದ. ಅದು ಹಗಲಿನಲ್ಲೂ ಕಣ್ಣು ಕುಕ್ಕುವಂತಿತ್ತು. ಬಂಪರಿನ ಮೇಲೆ ಕೂರಿಸಿದರೆ ಕೆಸರು ಹಾರಿ ಮುಚ್ಚುವುದಿಲ್ಲ ಎಂದ. ಬೇಕಾದಾಗ ಹಾಕಿಕೊಳ್ಳಲು ಬೇರೆ ಸ್ವಿಚ್ ಕೊಡಲೇ ಎಂದೂ ಕೇಳಿದ.

"ಸ್ವಿಚ್ ಬೇಡ, ಹಾಕೋದು ಮರೆತುಹೋಗುತ್ತೆ," ಎಂದ ಮುನೀಂದ್ರ. "ಗೇರ್ ಬಿದ್ದ ತಕ್ಷಣ ತಾನೇ ಹತ್ಕೋಬೇಕು. ಪೀಂ ಪೀಂ ಅನ್ನೋ ಬಜರ್ ಕೂಡ ಹಾಕ್ಬಿಡಿ."

ಹನುಮಂತಯ್ಯ ಹಳೆಯ ಲೈಟಿನ ವೈರು ಹಿಡಿದು, ಅದು ಸುಡದಂತೆ ನಡುವೆ ರಿಲೇ ಸೇರಿಸಿ, ಬಂಪರಿಗೆ ತೂತು ಕೊರೆದು ಬೋಲ್ಟು ಬಿಗಿದ. ಮುನೀಂದ್ರ ಹೆಂಡತಿಯನ್ನು ಡ್ರೈವರ್ ಸೀಟಿಗೆ ಹತ್ತಿಸಿದ. ಶೆಡ್ಡಿನ ಕತ್ತಲ ಮೂಲೆಯಲ್ಲಿ, ಗಾಡಿಯ ಹಿಂದೆ ತಾನೇ ಕುಕ್ಕರಗಾಲಿನಲ್ಲಿ ಕೂತು, ಇಷ್ಟು ಗಿಡ್ಡಕ್ಕಿರುವವರು ಕನ್ನಡಿಯಲ್ಲಿ ಕಾಣುತ್ತಾರಾ ಎಂದು ಮತ್ತೆ ಮತ್ತೆ ಕೇಳಿದ. ಅವಳು ಹೂಂ ಎನ್ನುವವರೆಗೂ ಹನುಮಂತಯ್ಯನ ಕೈಲಿ ಲೈಟನ್ನು ಮೇಲೆ ಕೆಳಗೆ ಮಾಡಿಸಿದ. ತನ್ನ ಪಾಪದಲ್ಲಿ ನನ್ನನ್ನೂ ಪಾಲುಗಾರ್ತಿಯನ್ನಾಗಿ ಮಾಡುತ್ತಿದ್ದಾನೆ ಎಂದುಕೊಂಡಳು. ಕೆಳಗಿಳಿದವಳೇ ಅಂಗಡಿಯ ಹಿಂದೆ ಹೋಗಿ ಕೃಷ್ಣಪ್ಪನಿಗೆ ಫೋನು ಮಾಡಿದಳು.

ಅವರು ಮನೆ ತಲುಪುವಾಗ ಕೃಷ್ಣಪ್ಪ ಜಗಲಿಯ ಮೇಲೆ ಕೂತಿದ್ದ. ಮಹಾಲಕ್ಷ್ಮಿ ಸೆರಗಿನ ಗಂಟು ಬಿಚ್ಚಿ ಹಸಿರು ಅಂಚನ್ನು ಅವನ ಕೈಗಿತ್ತಳು. ಇವರ ಜೇಬಿನಲ್ಲಿತ್ತು ಎಂದಷ್ಟೇ ಹೇಳಿದಳು.

ಮುನೀಂದ್ರ ಆ ಬಟ್ಟೆಯನ್ನು ನೋಡಿದ. ಆಮೇಲೆ ಹೆಂಡತಿಯ ಮುಖವನ್ನು ನೋಡಿದ, ತುಂಬ ಹೊತ್ತು.

"ಹೌದು ಕೃಷ್ಣಪ್ಪಣ್ಣ," ಎಂದ. "ಗುದ್ದಿದ್ದು ಈ ಗಾಡೀನೇ. ಕೇಸು ನನ್ನ ಮೇಲೆ ಹಾಕ್ಸಿ."

ಕೃಷ್ಣಪ್ಪ ಕೈ ಎತ್ತಲಿಲ್ಲ, ಬಯ್ಯಲೂ ಇಲ್ಲ. ನೀನು ತಂದ ಎಳನೀರನ್ನು ನನ್ನ ಕೈಯಾರೆ ಅಮ್ಮನಿಗೆ ಕುಡಿಸಿದೆನಲ್ಲ ಎಂದ. ಸ್ಟೇಷನ್ನಿಗೆ ಹೋಗುತ್ತಿದ್ದೇನೆ, ಹಿಂದೆಯೇ ಬಾ ಎಂದು ಹೇಳಿ ಹೊರಟ.

ಅವನು ಬೀದಿಗೆ ಇಳಿದ ಮೇಲೆ ಮಹಾಲಕ್ಷ್ಮಿಗೆ ತಡೆಯಲಾಗಲಿಲ್ಲ. "ಅಜ್ಜೀನ ಅಲ್ಲಿ ಬೀಳಿಸಿ ಹೋಗಿ ಟೀ ಕುಡಿಯೋಕೆ ನಿಮಗೆ ಹೇಗೆ ಮನಸ್ಸು ಬಂತು?"

ಮುನೀಂದ್ರ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವನು ನಿಂತ. ಹೇಳಬಾರದೆಂದೇ ಇದ್ದ, ಅದು ಅವನ ಮುಖದಲ್ಲಿ ಕಾಣುತ್ತಿತ್ತು.

"ಟೀ ಅಂಗಡಿ ಹತ್ರ ಅಜ್ಜಿ ಸಿಕ್ಕಿದ್ರು ಕಣೇ. ಚೆನ್ನಾಗೇ ಇದ್ರು. ಮಹಾಲಕ್ಷ್ಮಿಗೆ ಹೂ ಕೊಟ್ಟು ಬರ್ತೀನಿ ಅಂತ ನಮ್ಮನೆ ಕಡೆ ಹೊರಟ್ರು." ಅವನು ಧ್ವನಿ ತಗ್ಗಿಸಿದ. "ಆಮೇಲೆ ಟ್ಯಾಂಕರ್ ಬಂತು. ಅದಕ್ಕೆ ದಾರಿ ಬಿಡೋಕೆ ಗಾಡಿ ಹಿಂದಕ್ಕೆ ತೆಗೆದವಳು ನೀನು."

ಕೃಷ್ಣಪ್ಪ ಬೀದಿಯ ತಿರುವು ದಾಟುವ ಮೊದಲೇ ಮಹಾಲಕ್ಷ್ಮಿ ಬರಿಗಾಲಿನಲ್ಲಿ ಅವನ ಹಿಂದೆ ಓಡಿದಳು.