ಮೂರು ಬೆರಳಿನ ಗುರುತು

"ರಟ್ಟೆ ತೋರಿಸು," ಎಂದಳು ಲೊರೆಟ್ಟಾ.

ಟ್ಯಾಮ್ಸಿನ್ ಅಂಗಿಯ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡಳು. "ಇವತ್ತು ಬೇಡ."

ಬೇಡ ಎಂದರೆ ಹೇಗೆ? ಒಂದು ದೃಶ್ಯಕ್ಕೂ ಮುಂದಿನದಕ್ಕೂ ತಾಳೆಯಾಗುವಂತೆ ನೋಡಿಕೊಳ್ಳುವುದೇ ಲೊರೆಟ್ಟಾಳ ಕೆಲಸ. ಗುಂಡಿ, ಗಾಯ, ಕೂದಲು, ಎಲ್ಲದರ ಫೋಟೋ ಅವಳ ಕಡತದಲ್ಲಿರುತ್ತಿತ್ತು.

ವ್ಯಾಂಕೂವರಿನ ಆ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದದ್ದು ಹರೆಯದವರ ಧಾರಾವಾಹಿ. ಹುಣ್ಣಿಮೆಗೆ ತೋಳವಾಗುವ ಹುಡುಗ, ಅವನನ್ನು ಬಿಡಲಾರದ ಹುಡುಗಿ. ಆ ಹುಡುಗಿಯ ಪಾತ್ರ ಟ್ಯಾಮ್ಸಿನ್‌ಳದು. ಅವನು ಅವಳ ರಟ್ಟೆ ಹಿಡಿದು ಗೋಡೆಗೆ ಒತ್ತುತ್ತಾನೆ. ಬೆಳಗಾದರೆ ಅಳುತ್ತಾನೆ. ಅವಳು ಕ್ಷಮಿಸುತ್ತಾಳೆ. ನೋಡುವ ಹುಡುಗಿಯರೆಲ್ಲ ಅವನಿಗೆ ಮರುಳು; ಲೊರೆಟ್ಟಾಳಿಗೆ ಮಾತ್ರ ಮೈಯೆಲ್ಲ ಉರಿ.

"ಪಾಪ, ಚಂದ್ರನ ಮೇಲ್ಯಾಕೆ ಹಾಕ್ತೀರಿ?" ಎಂದು ಕಥೆ ಬರೆಯುವವರ ಮುಖಕ್ಕೇ ಹೇಳಿದ್ದಳು. "ಹೊಡೆಯೋನು ಅಮಾವಾಸ್ಯೆಗೂ ಹೊಡೀತಾನೆ."

ಕೊನೆಗೆ ಟ್ಯಾಮ್ಸಿನ್‌ಳ ಅಂಗಿಯ ತೋಳು ಮೇಲೆ ಸರಿಯಿತು. ರಟ್ಟೆಯ ಮೇಲೆ ನೀಲಿಗಟ್ಟಿದ ಬೆರಳಚ್ಚು.

"ಡೋರೀನ್, ಇದನ್ನ ಯಾವಾಗ ಬರೆದೆ?"

ಬಣ್ಣ ಹಚ್ಚುವ ಡೋರೀನ್ ಬಗ್ಗಿ ನೋಡಿದಳು. "ನಾನಿನ್ನೂ ಕುಂಚ ಮುಟ್ಟಿಲ್ಲ ಕಣೇ."

ಲೊರೆಟ್ಟಾ ಆ ರಟ್ಟೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಈ ಹುಡುಗಿಯ ಮೇಲೆ ಅವಳಿಗೆ ಜೀವ. ದೀಪದ ವಿಭಾಗದ ವೇಡ್ ಜೊತೆ ಇವಳನ್ನು ಗಂಟು ಹಾಕಿದವಳೂ ಲೊರೆಟ್ಟಾಳೇ. ಇಬ್ಬರೂ ಈಗ ಒಟ್ಟಿಗಿದ್ದರು. ಈ ದಿನ ಬೆಳಿಗ್ಗೆಯೂ ವೇಡ್ ತನ್ನ ಟ್ರಕ್ಕಿನಲ್ಲಿ ಹುಡುಗಿಯನ್ನು ತಂದು ಬಿಟ್ಟು, ದಪ್ಪ ಕೈಗವಸಿನಲ್ಲೇ ಲೊರೆಟ್ಟಾಳಿಗೂ ಕಾಫಿ ಕೊಟ್ಟು ಹೋಗಿದ್ದ.

"ಯಾರು ಮಾಡಿದ್ದು, ಪುಟ್ಟಿ?"

ಟ್ಯಾಮ್ಸಿನ್ ಕನ್ನಡಿ ನೋಡಿದಳು. "ಅವನು ಬೇಕಂತ ಮಾಡಲ್ಲ. ತನ್ನ ಶಕ್ತಿ ತನಗೇ ಗೊತ್ತಾಗಲ್ಲ, ಅಷ್ಟೆ."

ಅದು ಇಂದಿನ ದೃಶ್ಯದಲ್ಲಿ ಅವಳು ಆಡಬೇಕಿದ್ದ ಮಾತು. ಅಕ್ಷರಕ್ಕೆ ಅಕ್ಷರ.

ಲೊರೆಟ್ಟಾಳಿಗೆ ಇನ್ನೇನೂ ಬೇಕಿರಲಿಲ್ಲ. ತೋಳದ ಪಾತ್ರ ಮಾಡುವ ಬ್ರೋಡಿಯನ್ನು ಕರೆಸಿದಳು. ಜೊತೆಗೆ ನಿರ್ಮಾಪಕನಿಗೂ ಹೇಳಿಕಳಿಸಿದಳು.

"ನಟನೆ ಮಾಡು ಅಂದ್ರೆ ನಿಜವಾಗ್ಲೂ ಹಿಂಡ್ತೀಯೇನೋ, ಮೃಗ?"

"ನಾನಲ್ಲ!" ಬ್ರೋಡಿ ಬೆಳ್ಳಗಾದ. "ಹೋದ ವಾರದಿಂದ ನಾನು ಇವಳನ್ನ ಮುಟ್ಟೇ ಇಲ್ಲ."

"ಎಲ್ಲರೂ ಹೇಳೋದು ಅದನ್ನೇ. ಇಡು ಕೈ ಇಲ್ಲಿ. ಮೆತ್ತಗೆ."

ಇಟ್ಟ. ನೀಲಿ ಗುರುತುಗಳ ಮೇಲೆ ಬೆರಳುಗಳು ಒಂದೊಂದಾಗಿ ಕೂತವು. ಹೆಬ್ಬೆರಳು ಆಚೆ ಬದಿಗೆ. ಈಚೆ ಬದಿಗೆ ಒಂದು, ಎರಡು, ಮೂರು. ಅವನ ಕಿರುಬೆರಳು ಮಾತ್ರ ಗುರುತಿಲ್ಲದ ಬಿಳಿಯ ಚರ್ಮದ ಮೇಲೆ ಉಳಿಯಿತು.

ಲೊರೆಟ್ಟಾ ಎರಡನೇ ಸಲ ಎಣಿಸಿದಳು. ಮೂರನೇ ಸಲವೂ ಎಣಿಸಿದಳು. ಟ್ಯಾಮ್ಸಿನ್ ಈಗ ಕನ್ನಡಿ ಬಿಟ್ಟು ಅವಳನ್ನೇ ನೋಡುತ್ತಿದ್ದಳು. ಈಗಲಾದರೂ ಹೇಳುತ್ತೀರಲ್ಲ ಎಂಬಂತೆ.

ಅಷ್ಟರಲ್ಲಿ ನಿರ್ಮಾಪಕ ಬಂದ. "ಏನಂತೆ ಗಲಾಟೆ? ಯಾರಾದ್ರೂ ಹುಡುಗಿ ಮೇಲೆ ಕೈ ಮಾಡಿದ್ದಾರಾ? ಹೇಳಿ, ಈಗಲೇ ಪೊಲೀಸರನ್ನ ಕರೀತೀನಿ."

ಲೊರೆಟ್ಟಾ ಕಡತ ತೆರೆದಳು. "ಏನಿಲ್ಲ. ಬಣ್ಣ. ಈ ಕಂತಿನಿಂದ ತೋಳದ ಗುರುತಿಗೆ ಮೂರೇ ಬೆರಳು. ಡೋರೀನ್, ಇನ್ಮೇಲೆ ಹೀಗೇ ಬರಿ, ತಾಳೆಯಾಗಲಿ."

ಡೋರೀನ್ ಕುಂಚ ಕೈಗೆತ್ತಿಕೊಂಡಳು. ಟ್ಯಾಮ್ಸಿನ್ ಅಂಗಿಯ ತೋಳನ್ನು ಕೆಳಗೆಳೆದುಕೊಂಡಳು.

ಕಂತು ಪ್ರಸಾರವಾದ ವಾರವೇ ಅಭಿಮಾನಿ ಹುಡುಗಿಯರು ರಟ್ಟೆಯ ಮೇಲೆ ಮೂರು ನೀಲಿ ಗೀಟು ಎಳೆದುಕೊಂಡು ಫೋಟೋ ಹಾಕತೊಡಗಿದರು. ಮೂರೇ ಬೆರಳು ಯಾಕೆಂದು ಒಬ್ಬಳೂ ಕೇಳಲಿಲ್ಲ.

ಆರು ವರ್ಷದವನಿದ್ದಾಗ ವೇಡ್‌ನ ಕಿರುಬೆರಳು ಕಾರಿನ ಬಾಗಿಲಿಗೆ ಸಿಕ್ಕಿ ತುಂಡಾದ ದಿನ, ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದವಳು ಹೆತ್ತ ತಾಯಿ ಲೊರೆಟ್ಟಾ.