ಕಿರುಬೆರಳಿನ ಗುರುತು

ನಿಶ್ಚಿತಾ ಫೋನಿನಲ್ಲಿ ಓದಿದ್ದು ಒಂದೇ ಸಾಲು. ಕೈಯಲ್ಲಿದ್ದ ಹಪ್ಪಳದ ಹಿಟ್ಟಿನ ಉಂಡೆ ಜಾರಿ ನೆಲಕ್ಕೆ ಬಿತ್ತು.

'ಫೋಟೋದಲ್ಲಿರೋ ಆ ಕಿರುಬೆರಳು ನಂಗೆ ಗೊತ್ತು. ನೀನು ನಿಶ್ಚಿತಾ ಅಲ್ವಾ?'

ಹಪ್ಪಳ ಮಾರುವ ತನ್ನ ವೆಬ್‌ಸೈಟಿನಲ್ಲಿ ಅವಳು ಹೆಸರು ಹಾಕಿರಲಿಲ್ಲ, ಮುಖವನ್ನೂ ಹಾಕಿರಲಿಲ್ಲ. ಶೃಂಗೇರಿಯ ಆ ಓಣಿಯಲ್ಲಿ ಅವಳು ಎಲ್ಲರಿಗೂ ಹಪ್ಪಳದ ಅಕ್ಕ, ಅಷ್ಟೆ.

ವೆಬ್‌ಸೈಟ್ ಮಾಡಿದವಳು ಪಕ್ಕದ ಕಂಪ್ಯೂಟರ್ ಅಂಗಡಿಯ ರಮ್ಯ. "ಮುಖ ಇಲ್ಲದ ಅಂಗಡೀನ ಯಾರು ನಂಬ್ತಾರೆ ಮಾರಾಯ್ತಿ? ಜನ ಮೊದಲು ನೋಡೋದು ಮಾಡಿದವರು ಯಾರು ಅಂತ," ಎಂದು ವಾದಿಸಿದ್ದಳು. ಕೊನೆಗೆ ರಾಜಿಯಾಗಿದ್ದು ಕೈಗಳ ಫೋಟೋಗೆ. ಹಲಸಿನ ಹಪ್ಪಳ ಒತ್ತುತ್ತಿರುವ ಎರಡು ಕೈ, ಕೆಳಗೆ ಅಂಗಡಿಗೆ ಬರುವ ದಾರಿಯ ನಕ್ಷೆ, 'ನಮಗೆ ಬರೆಯಿರಿ' ಎಂಬ ಜಾಗ. ಲಿಂಕನ್ನು ರಮ್ಯ ಸುತ್ತಲಿನ ತಾಲ್ಲೂಕುಗಳ ಮಹಿಳಾ ಸಂಘಗಳ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದ್ದಳು. ಆರ್ಡರುಗಳು ಬರತೊಡಗಿದಾಗ ನಿಶ್ಚಿತಾ ಮೊದಲ ಸಲ ನೆಮ್ಮದಿಯಿಂದ ನಕ್ಕಿದ್ದಳು.

ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಶೆಟ್ಟಿಕೊಪ್ಪದ ಮನೆಯಲ್ಲಿ ಗಂಡ ಬಸವೇಶ ಅದನ್ನು ಹಿಂದಕ್ಕೆ ತಿರುಚಿ ಮುರಿದಿದ್ದ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ದಳು, ತುಟಿ ಬಿಚ್ಚಿರಲಿಲ್ಲ. ಮೂಳೆ ಹೇಗೋ ಕೂಡಿಕೊಂಡಿತು. ನಿಶ್ಚಿತಾ ಮನೆ ಬಿಟ್ಟಳು. ಅವಳು ಮಂಗಳೂರಿಗೆ ಹೋಗಿದ್ದಾಳೆಂದು ಅಲ್ಲಿಯವರೆಲ್ಲ ನಂಬಿದ್ದರು. ಆ ನಂಬಿಕೆಯ ಮರೆಯಲ್ಲೇ ಅವಳು ಇಷ್ಟು ದಿನ ಉಸಿರಾಡಿದ್ದು.

'ಯಾರು?' ಎಂದು ಬರೆದಳು.

'ಬಂದ ಮೇಲೆ ಗೊತ್ತಾಗತ್ತೆ.'

ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. 'ಅಲ್ಲಿ ಒಬ್ಬಳೇ ಇರ್ತೀಯಾ? ಬಾಗಿಲಿಗೆ ಒಳಗಿಂದ ಚಿಲಕ ಗಟ್ಟಿ ಇದ್ಯಾ?'

ನಿಶ್ಚಿತಾ ಹಿಟ್ಟು ಮೆತ್ತಿದ ಕೈಯಲ್ಲೇ ಪಕ್ಕದ ಅಂಗಡಿಗೆ ಓಡಿದಳು.

"ಅದನ್ನ ತೆಗೆದುಹಾಕು ರಮ್ಯ. ಈಗಲೇ."

ರಮ್ಯ ಮೆಸೇಜುಗಳನ್ನು ಓದಿದಳು. ಅವಳ ಮುಖವೂ ಬಿಳಿಚಿತು. "ಈಗ ತೆಗೆದು ಎಂತ ಪ್ರಯೋಜನ? ನಿನ್ನ ಗಂಡ ದಾರಿ ನೋಡಿ ಆಗಿದೆ. ಪೊಲೀಸಿಗೆ ಹೇಳಾಣ."

"ಎಂತ ಹೇಳೋದು? ಹೆಸರೇ ಇಲ್ಲ. ಚಿಲಕ ಗಟ್ಟಿ ಇದ್ಯಾ ಅಂತ ಕೇಳಿದ್ರೆ ಕೇಸ್ ತಗೋತಾರಾ?"

ಮರುದಿನ ಬೆಳಿಗ್ಗೆ ಫೋನ್ ಮತ್ತೆ ಸದ್ದು ಮಾಡಿತು.

'ಬಸ್ ಹತ್ತಿದೀನಿ. ಮಧ್ಯಾಹ್ನದೊಳಗೆ ಬರ್ತೀನಿ. ದಯವಿಟ್ಟು ಓಡಿ ಹೋಗಬೇಡ.'

ದಯವಿಟ್ಟು. ಆ ಪದ ಕಂಡಾಗಲೇ ಅವಳಿಗೆ ಹೆಚ್ಚು ಭಯವಾಯಿತು. ಬಸವೇಶ ಹೊಡೆಯುವ ಮುಂಚೆ ಯಾವಾಗಲೂ ಮೆತ್ತಗೆ ಮಾತಾಡುತ್ತಿದ್ದ.

ಚೀಲಕ್ಕೆ ಎರಡು ಸೀರೆ ತುರುಕಿದಳು. ಆಗುಂಬೆ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊಸ್ತಿಲಲ್ಲಿ ನಿಂತು ಹಿಂತಿರುಗಿ ನೋಡಿದಳು. ಚಾಪೆಯ ಮೇಲೆ ಒಣಗಲು ಹರಡಿದ್ದ ಹಪ್ಪಳ, ಪಾರ್ಸೆಲ್ಲಿಗೆ ಕಟ್ಟಿಟ್ಟ ಡಬ್ಬಗಳು, ತನ್ನ ಕೈಯಾರೆ ಸುಣ್ಣ ಬಳಿದ ಗೋಡೆ. ಇದನ್ನೂ ಅವನಿಗೆ ಬಿಟ್ಟುಕೊಟ್ಟರೆ ಮುಂದಿನ ಊರಿನಲ್ಲಿ ಏನು ಉಳಿಯುತ್ತದೆ? ಚೀಲ ಕೆಳಗಿಟ್ಟಳು.

"ನಾನು ಹೋಗಲ್ಲ," ಎಂದಳು. ಅಂಗಡಿಯಿಂದ ಎದ್ದು ಬಂದಿದ್ದ ರಮ್ಯ ಅದನ್ನು ಕೇಳಿಸಿಕೊಂಡಳು.

"ಹಂಗಾರೆ ನಾನೂ ಇಲ್ಲೇ ಕೂರ್ತೀನಿ," ಎಂದಳು ರಮ್ಯ. ತನ್ನ ಅಂಗಡಿಯ ಶಟರ್ ಎಳೆದು ಬಂದು, ಫೋನಿನಲ್ಲಿ ಪೊಲೀಸ್ ನಂಬರ್ ಒತ್ತಿ ಸಿದ್ಧ ಮಾಡಿಟ್ಟುಕೊಂಡು ಗೋಡೆಗೆ ಒರಗಿದಳು. ನಿಶ್ಚಿತಾ ಚಿಲಕ ಹಾಕಿ, ಹಲಸು ಕೊಯ್ಯುವ ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಓಣಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಇಬ್ಬರೂ ಉಸಿರು ಬಿಗಿಹಿಡಿದರು. ಹಾಲಿನವನು ಹೋದ. ಯಾತ್ರಿಕರ ಗುಂಪೊಂದು ದಾರಿ ತಪ್ಪಿ ಬಂದು ತಿರುಗಿ ಹೋಯಿತು. ಆಮೇಲೆ ಒಂದು ಹೆಜ್ಜೆ ಬಾಗಿಲ ಮುಂದೆಯೇ ನಿಂತಿತು.

ಬಾಗಿಲು ಬಡಿದ ಸದ್ದು ಮೆಲ್ಲಗಿತ್ತು.

"ತೆಗಿಬೇಡ," ರಮ್ಯ ಪಿಸುಗುಟ್ಟಿದಳು.

ಮತ್ತೆ ಬಡಿದ ಸದ್ದು. ನಿಶ್ಚಿತಾ ಎದ್ದಳು. ಒಳಗೆ ಕೂತು ನಡುಗುವುದಕ್ಕಿಂತ ಎದುರಿಗೆ ನಿಂತು ನಡುಗುವುದೇ ವಾಸಿ ಎನಿಸಿತು. ಬಲಗೈಯಲ್ಲಿ ಕತ್ತಿ ಎತ್ತಿ ಹಿಡಿದು, ಎಡಗೈಯಿಂದ ಚಿಲಕ ಸರಿಸಿ ಬಾಗಿಲನ್ನು ಒಮ್ಮೆಲೇ ಎಳೆದಳು.

ಹೊರಗೆ ನಿಂತಿದ್ದವಳು ಅತ್ತೆ ಕಲ್ಲಮ್ಮ.

"ಹೆಸರು ಬರೆದ್ರೆ ನೀನು ಬಾಗಿಲು ತೆಗಿಯಲ್ಲ ಅಂತ ಹೆದರಿದ್ದೆ ಕಣೆ," ಎಂದಳು ಅವಳು, ಊದಿದ ಕೆನ್ನೆಯ ಮೇಲೆ ಸೆರಗು ಎಳೆದುಕೊಳ್ಳುತ್ತ. "ನೀನು ಹೋದ ಮೇಲೆ ಅವನ ಕೈಗೆ ಸಿಕ್ಕಿದ್ದು ನಾನೊಬ್ಬಳೇ."